ಕರಿಯಣ್ಣನ ತೂಕ ನಿಂತ ಹದಿನೇಳು ದಿನ

ಗಂಗೊಳ್ಳಿ ಬಂದರಿನಲ್ಲಿ ಮೀನು ತೂಗುವವರು ಯಾರು ಎಂದು ಕೇಳಿದರೆ ಸಣ್ಣ ಮಕ್ಕಳೂ ಕರಿಯಣ್ಣ ಎನ್ನುತ್ತಾರೆ. ಇಪ್ಪತ್ತೆರಡು ವರ್ಷದಿಂದ ಅವನದು ಅದೇ ಕೆಲಸ. ಬೋಟು ಬಂದು ಮೀನು ಇಳಿಸಿದರೆ, ಮಾರುವವರಿಗೂ ಕೊಳ್ಳುವವರಿಗೂ ಅವನು ಹೇಳಿದ್ದೇ ತೂಕ. ಬಂದರಿನಲ್ಲಿ ದಿನಕ್ಕೆ ಹತ್ತು ವಿಷಯಕ್ಕೆ ಜಗಳ ಆಗುತ್ತದೆ. ಕರಿಯನ ತೂಕಕ್ಕೆ ಜಗಳ ಆದದ್ದು ಮಾತ್ರ ಯಾರಿಗೂ ನೆನಪಿಲ್ಲ.

ಊರಿನ ಮೀನನ್ನೆಲ್ಲ ತೂಗಿದವನಿಗೆ ತನ್ನ ಮೈ ತೂಕ ಮಾತ್ರ ಹತೋಟಿಗೆ ಸಿಗಲಿಲ್ಲ. ನಲವತ್ತಾರನೇ ವಯಸ್ಸಿಗೆ ನೂರ ನಲವತ್ತೆರಡು ಕಿಲೋ. ಸಕ್ಕರೆ ಕಾಯಿಲೆ, ಬಿ.ಪಿ., ಮಂಡಿ ನೋವು ಒಂದರ ಹಿಂದೆ ಒಂದು ಬಂದವು. ನಿದ್ದೆಯಲ್ಲಿ ಉಸಿರು ಕಟ್ಟುತ್ತಿತ್ತು. ಹೆಂಡತಿ ನಾಗು ಅಲುಗಾಡಿಸಿ ಎಬ್ಬಿಸಬೇಕಾಗುತ್ತಿತ್ತು. ಪಥ್ಯ ಮಾಡಿ ನೋಡಿದ, ಕಷಾಯ ಕುಡಿದು ನೋಡಿದ. ಕೊನೆಗೆ ದೊಡ್ಡ ಆಸ್ಪತ್ರೆಯ ವೈದ್ಯರು ಎಲ್ಲ ಪರೀಕ್ಷೆ ಮಾಡಿ, ಜಠರವನ್ನು ಚಿಕ್ಕದು ಮಾಡುವ ಆಪರೇಷನ್ ಒಳ್ಳೆಯದು ಎಂದರು. ಅದಕ್ಕೆ ಬೇರಿಯಾಟ್ರಿಕ್ ಸರ್ಜರಿ ಎಂದು ಹೆಸರು. ಮಳೆಗಾಲ ಮುಗಿಯುವ ಹೊತ್ತಿಗೆ ಆಪರೇಷನ್ ಆಯಿತು. ಮೂರು ತಿಂಗಳಲ್ಲಿ ಮೂವತ್ತಕ್ಕೂ ಹೆಚ್ಚು ಕಿಲೋ ಇಳಿಯಿತು, ಸಕ್ಕರೆ ಹತೋಟಿಗೆ ಬಂತು, ವೈದ್ಯರೇ ಮಾತ್ರೆ ಕಡಿಮೆ ಮಾಡಿದರು.

ಇಷ್ಟು ಊರಿಗೆಲ್ಲ ಗೊತ್ತು. ಗೊತ್ತಿಲ್ಲದ್ದು ಇನ್ನು ಮುಂದಿನದು.

ಆಪರೇಷನ್ನಿಗೆ ಮೊದಲು ಕರಿಯ ಒಬ್ಬನೇ ಉಂಡವನಲ್ಲ. ಹರಾಜು ಮುಗಿದ ಕೂಡಲೇ ಸುಜನ್ ಮತ್ತು ಇನ್ನಿಬ್ಬರ ಜೊತೆ ಬಂದರಿನ ಹೋಟೆಲಿಗೆ ಹೋಗುತ್ತಿದ್ದ. ಹರಾಜು ಕೂಗುವ ಸುಜನ್ ಅವನ ಇಪ್ಪತ್ತು ವರ್ಷದ ಗೆಳೆಯ. ಕುಚ್ಚಲಕ್ಕಿ ಅನ್ನ, ಮೀನು ಸಾರು, ಮೇಲೆ ಹುರಿದ ಬಂಗುಡೆ, ಅದಕ್ಕಿಂತ ಹೆಚ್ಚು ಹರಟೆ. ಈಗ ಕರಿಯನ ಊಟ ಒಂದು ಸಣ್ಣ ಬಟ್ಟಲು. ಅದನ್ನೂ ಅರ್ಧ ಗಂಟೆ ಜಗಿದು ತಿನ್ನಬೇಕು. ಊಟದ ಜೊತೆಗೆ ನೀರು ಕುಡಿಯುವಂತಿಲ್ಲ. ಆತುರಪಟ್ಟರೆ ಎದೆ ಕಟ್ಟಿದ ಹಾಗಾಗಿ ವಾಂತಿಯಾಗುತ್ತದೆ. ಮೊದಮೊದಲು ಗೆಳೆಯರು ಕರೆದರು. ಅವರು ಉಂಡು ಕೈ ಒಣಗಿ ಕೂತರೂ ಕರಿಯ ಇನ್ನೂ ನಾಲ್ಕನೇ ತುತ್ತಿನಲ್ಲಿರುತ್ತಿದ್ದ. ಅವರಿಗೂ ಮುಜುಗರ, ಇವನಿಗೂ ಮುಜುಗರ. ಕ್ರಮೇಣ ಕರೆಯುವುದು ನಿಂತಿತು. ಯಾರೂ ಕೆಟ್ಟವರಲ್ಲ, ಆದರೂ ನಿಂತಿತು.

ಕೋಟೇಶ್ವರದಲ್ಲಿ ನೆಂಟರ ಮದುವೆ. ಬಾಳೆಲೆಯ ತುಂಬ ಬಡಿಸಿದ್ದನ್ನು ಹಾಗೇ ಬಿಟ್ಟು ಕರಿಯ ಎದ್ದ. ಪಕ್ಕದ ಸಾಲಿನಲ್ಲಿ ಯಾರೋ, ಪಾಪ, ದೊಡ್ಡ ಕಾಯಿಲೆ ಇರಬೇಕು, ಹೇಗಿದ್ದವ ಹೇಗಾದ ಎಂದು ಪಿಸುಗುಟ್ಟಿದ್ದು ಕಿವಿಗೆ ಬಿತ್ತು. ಅವತ್ತಿನಿಂದ ಅವನು ಯಾವ ಸಮಾರಂಭಕ್ಕೂ ಹೋಗಲಿಲ್ಲ. ನಾಗು ಒಬ್ಬಳೇ ಬಸ್ಸು ಹತ್ತಿ ಸಾಲಿಗ್ರಾಮಕ್ಕೋ ಬೈಂದೂರಿಗೋ ಹೋಗಿ, ತಲೆ ತೋರಿಸಿ, ಸಂಜೆಯೊಳಗೆ ಮನೆ ಸೇರುತ್ತಿದ್ದಳು. ಯಜಮಾನರು ಎಲ್ಲಿ ಎಂದು ಕೇಳಿದವರಿಗೆ ಬಂದರಿನಲ್ಲಿ ಕೆಲಸ ಎನ್ನುತ್ತಿದ್ದಳು. ಸುಳ್ಳು ಹೇಳಿ ಅಭ್ಯಾಸವಿಲ್ಲದವಳು, ಆ ಒಂದು ಸುಳ್ಳನ್ನು ಮಾತ್ರ ಚೆನ್ನಾಗಿ ಕಲಿತಳು.

ಹೀಗೆ ಎಲ್ಲರೂ ಸರಿದ ಮೇಲೆ ಕರಿಯನಿಗೆ ಮಾತಾಡಲು ಉಳಿದದ್ದು ಒಂದೇ, ಬಂದರಿನ ತೂಕದ ಮೆಷಿನ್ನು. ಅದರ ಮೇಲೆ ನಿಂತರೆ ಅದು ಏನಾದರೂ ಹೇಳುತ್ತಿತ್ತು. ಮೊದಲು ವಾರಕ್ಕೊಮ್ಮೆ ನಿಂತ. ಆಮೇಲೆ ದಿನಾ ನಿಂತ. ಜನವರಿ ಬರುವಾಗ ದಿನಕ್ಕೆ ಮೂರು ಸಲ, ಹರಾಜಿಗೆ ಮೊದಲು, ಹರಾಜಿನ ನಂತರ, ಸಂಜೆ ಮನೆಗೆ ಹೊರಡುವಾಗ. ಕಾಲಿನ ಗಂಬೂಟಿನ ತೂಕವನ್ನು ಕಳೆದು ಲೆಕ್ಕ ಹಾಕುವಷ್ಟು ನಿಯತ್ತು ಬೇರೆ. ಅಂಕಿ ಇಳಿದ ದಿನ ನಾಗುವಿನ ಹತ್ತಿರ ನಾಲ್ಕು ಮಾತಾಡುತ್ತಿದ್ದ. ಇಳಿಯದ ದಿನ ಬಾಯಿ ಬಿಡುತ್ತಿರಲಿಲ್ಲ.

ಡಿಸೆಂಬರಿನಲ್ಲಿ ಆಸ್ಪತ್ರೆಗೆ ಹೋದಾಗ ಅಲ್ಲಿನವರು ನಡಿಗೆಯ ಜೊತೆಗೆ ಬೇರೆ ವ್ಯಾಯಾಮವನ್ನೂ ಶುರು ಮಾಡಿ ಎಂದು ಒಂದು ರಬ್ಬರ್ ಪಟ್ಟಿ ಕೊಟ್ಟಿದ್ದರು. ಅದನ್ನು ಕಾಲಿಗೆ ಹಾಕಿ ಎಳೆಯುವುದು, ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಯಿಟ್ಟು ಒತ್ತುವುದು. ಕರಿಯ ಒಂದು ದಿನವೂ ತಪ್ಪಿಸಲಿಲ್ಲ. ಹತ್ತು ದಿನ ಕಳೆದ ಮೇಲೆ ಮೈಕೈ ನೋಯುತ್ತ ಮೆಷಿನ್ ಹತ್ತಿದ. ನೂರ ಎಂಟೂವರೆ ಇದ್ದದ್ದು ನೂರ ಒಂಬತ್ತೂವರೆ ಆಗಿತ್ತು. ಮಾರನೇ ದಿನವೂ ಅಷ್ಟೇ. ಅದರ ಮಾರನೇ ದಿನವೂ ಅಷ್ಟೇ.

ಬೇರೆ ಯಾರಾದರೂ ಆಗಿದ್ದರೆ ಮೆಷಿನ್ ಕೆಟ್ಟಿದೆ ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷ ಮೆಷಿನ್ನನ್ನೇ ನಂಬಿ ಬದುಕಿದವನು ಹಾಗೆ ಹೇಳುವುದು ಹೇಗೆ? ಮೆಷಿನ್ ಸರಿ ಇದೆ, ಕೆಟ್ಟದ್ದು ನಾನೇ ಎಂದು ತೀರ್ಮಾನಿಸಿದ. ವ್ಯಾಯಾಮದಿಂದ ತೂಕ ಏರಿತು, ಹಾಗಾದರೆ ವ್ಯಾಯಾಮ ಬೇಡ. ತಿಂದದ್ದು ಮೈಗೆ ಹತ್ತಿತು, ಹಾಗಾದರೆ ತಿನ್ನುವುದೂ ಬೇಡ. ರಬ್ಬರ್ ಪಟ್ಟಿ ಕಪಾಟಿನ ಹಿಂದೆ ಬಿತ್ತು. ನಾಗು ಡಬ್ಬಿಗೆ ಹಾಕಿಕೊಟ್ಟ ಬೇಯಿಸಿದ ಮೊಟ್ಟೆ, ಮುಳ್ಳು ಬಿಡಿಸಿದ ಮೀನು, ಗಟ್ಟಿ ಬೇಳೆ ಎಲ್ಲ ಐಸ್ ಪ್ಲಾಂಟಿನ ಹಿಂದಿನ ಬೆಕ್ಕುಗಳ ಪಾಲಾಯಿತು. ಅವನು ಗಂಜಿ ತಿಳಿ ಕುಡಿದು, ನೀರುಮಜ್ಜಿಗೆ ಕುಡಿದು ದಿನ ದೂಡಿದ. ಬೆಕ್ಕುಗಳು ಮಾತ್ರ ದುಂಡಗಾದವು.

ಎರಡು ದಿನದಲ್ಲಿ ಒಂದು ಕಿಲೋ ಇಳಿಯಿತು. ಕರಿಯನಿಗೆ ಗೆದ್ದ ಹಾಗಾಯಿತು. ಮೂರನೇ ದಿನ ಗಂಜಿ ತಿಳಿಗೆ ಒಣಮೀನಿನ ಚಟ್ನಿ ನಂಜಿಕೊಂಡ. ಮರುದಿನ ಅದೇ ಒಂದು ಕಿಲೋ ವಾಪಸ್. ಆಮೇಲೆ ಏರಲೂ ಇಲ್ಲ, ಇಳಿಯಲೂ ಇಲ್ಲ. ಹದಿನೇಳು ದಿನ ಹಾಗೇ ನಿಂತಿತು. ಬಾಚಣಿಗೆಯಲ್ಲಿ ಕೂದಲು ಬರತೊಡಗಿತು. ಕೂತು ಎದ್ದರೆ ಕಣ್ಣಿಗೆ ಕತ್ತಲೆ. ಆಸ್ಪತ್ರೆಯಿಂದ, ಮುಂದಿನ ವಾರ ತಪಾಸಣೆಗೆ ಬನ್ನಿ ಎಂದು ಫೋನ್ ಬಂದರೆ ಕರಿಯ ಎತ್ತಲಿಲ್ಲ. ಅಲ್ಲಿಗೆ ಹೋದರೆ ಮೊದಲು ತೂಕದ ಮೆಷಿನ್ ಮೇಲೆ ನಿಲ್ಲಿಸುತ್ತಾರೆ. ಸೋತ ಮುಖವನ್ನು ಅವರಿಗೆ ಹೇಗೆ ತೋರಿಸುವುದು ಎಂದು ಅವನ ಯೋಚನೆ.

ಒಂದು ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ, ಬೂತಾಯಿ ಮೀನಿನ ಬಾಕ್ಸು ತೂಗುತ್ತಿದ್ದ ಕರಿಯ ಅಲ್ಲೇ ಒದ್ದೆ ನೆಲದ ಮೇಲೆ ಕುಸಿದು ಬಿದ್ದ. ಸುಜನ್ ಹರಾಜನ್ನು ಅರ್ಧಕ್ಕೆ ಬಿಟ್ಟು, ಅವನನ್ನು ರಿಕ್ಷಾಕ್ಕೆ ಹಾಕಿ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದ. ಬಿ.ಪಿ. ಇಳಿದಿತ್ತು, ಸಕ್ಕರೆಯೂ ಇಳಿದಿತ್ತು. ಡ್ರಿಪ್ ಹಾಕಿ ಅವನನ್ನು ಸುಧಾರಿಸಿದ ವೈದ್ಯರು, ಆಪರೇಷನ್ ಮಾಡಿದ ಆಸ್ಪತ್ರೆಗೆ ನಾಳೆಯೇ ಹೋಗಬೇಕು, ಹೀಗೇ ಬಿಟ್ಟರೆ ಜೀವಕ್ಕೆ ಅಪಾಯ ಎಂದರು. ಕರಿಯ ತಲೆಯಾಡಿಸಿ ಮನೆಗೆ ಬಂದ. ಬಂದವನು ಎಲ್ಲಿಗೂ ಹೋಗುವುದಿಲ್ಲ ಎಂದು ಗೋಡೆ ಕಡೆ ತಿರುಗಿ ಮಲಗಿದ.

ಆರೋಗ್ಯ ಕೇಂದ್ರದಿಂದ ಸುದ್ದಿ ತಿಳಿದು ಸಂಜೆ ಆ ಕೇರಿಯ ಆಶಾ ಕಾರ್ಯಕರ್ತೆ ದಿವ್ಯಾ ಮನೆಗೆ ಬಂದಳು. ಸುಜನ್ ಆಗಲೇ ಬಂದು ಜಗಲಿಯಲ್ಲಿ ಕೂತಿದ್ದ. ಕರಿಯ ಬೆಕ್ಕಿಗೆ ಮೊಟ್ಟೆ ಹಾಕುವುದನ್ನು ಅವನು ಎಷ್ಟೋ ದಿನದಿಂದ ಕಂಡಿದ್ದ, ಹೇಳಿರಲಿಲ್ಲ. ಅವತ್ತು ನಾಗುವಿಗೆ ಹೇಳಿಬಿಟ್ಟ. ನಾಗು ಕೂಗಾಡಲಿಲ್ಲ. ಗಂಡನ ಮಂಚದ ಹತ್ತಿರ ನೆಲದ ಮೇಲೆ ಕೂತಳು.

"ನಾ ದಿನಾ ಮುಳ್ಳ್ ಬಿಡ್ಸಿ ಕಟ್ಟಿ ಕೊಟ್ಟದ್ ಬೆಕ್ಕಿಗಾ?" ಎಂದಳು. "ಹೊಟ್ಟಿಗೆ ಹಿಡಿತಿಲ್ಲೆ ಅಂದ್ರೆ ಬೇರೆ ಮಾಡಿ ಕೊಡ್ತಿದ್ದೆ. ನಂಗೊಂದ್ ಮಾತ್ ಹೇಳುಕೆ ಆಯ್ಲಿಲ್ಲ್ಯಾ ನಿಮ್ಗೆ?"

ಕರಿಯ ಗೋಡೆಯನ್ನೇ ನೋಡುತ್ತ ಹೇಳಿದ. "ಹೊಟ್ಟಿ ಸಣ್ಣದ್ ಮಾಡ್ಸ್ಕಂಡೆ. ಜನ ಇಷ್ಟ್ ದೂರ ಆತ್ರ್ ಅಂದೇಳಿ ಯಾರೂ ಹೇಳಿರ್ಲಿಲ್ಲೆ. ತೂಕ ಆದ್ರೂ ಇಳೀಲಿ ಅಂದ್ರೆ ಅದೂ ಇಲ್ಲೆ."

ಜಗಲಿಯಲ್ಲಿದ್ದ ಸುಜನ್ ಇದನ್ನು ಕೇಳಿ ಒಳಗೆ ಬಂದ. ಕರೆದರೆ ಆಸೆ ಹುಟ್ಟಿಸಿ ನೋಯಿಸಿದ ಹಾಗೆ ಆಗುತ್ತದೆ ಎಂದು ಹೆದರಿ ತಾವು ಕರೆಯುವುದನ್ನು ಬಿಟ್ಟದ್ದು ಎಂದು ತಡವರಿಸಿ ಹೇಳಿದ. ಇಪ್ಪತ್ತು ವರ್ಷ ಒಟ್ಟಿಗೆ ಉಂಡವರು ಇದೊಂದು ಮಾತನ್ನು ಆಡದೆ ಎರಡು ಮೂರು ತಿಂಗಳು ಕಳೆದಿದ್ದರು. ನೋಡಿ, ಮನುಷ್ಯರು ಎಷ್ಟು ದಡ್ಡರು.

ದಿವ್ಯಾ ಕುರ್ಚಿ ಎಳೆದು ಕೂತಳು. ಊಟ ಬಿಟ್ಟು ಎಷ್ಟು ದಿನವಾಯಿತು, ಏನು ಕುಡಿಯುತ್ತೀರಿ, ವಿಟಮಿನ್ ಮಾತ್ರೆ ತೆಗೆದುಕೊಳ್ಳುತ್ತೀರೋ ಇಲ್ಲವೋ ಎಂದು ಒಂದೊಂದಾಗಿ ಕೇಳಿದಳು. ಕರಿಯ ಎಲ್ಲದಕ್ಕೂ ಒಂದೇ ಉತ್ತರ ಕೊಟ್ಟ.

"ತಿಂದ್ರೆ ತೂಕ ಇಳಿತಿಲ್ಲೆ. ವ್ಯಾಯಾಮ ಮಾಡ್ರೆ ಏರತ್ತ್. ನಾ ಎಂತ ಮಾಡ್ಕ್, ನೀನೇ ಹೇಳ್."

"ಕರಿಯಣ್ಣ, ಐಸ್ ಹಾಕಿದ್ ಮೀನ್ ಬಂದ್ರೆ ಹ್ಯಾಂಗ್ ತೂಗ್ತ್ರಿ?"

"ಐಸ್ ತೆಗ್ದ್, ನೀರ್ ಸೋರುಕೆ ಬಿಟ್ಟ್ ತೂಗುದ್. ಬಾಕ್ಸಿನ್ ತೂಕ ಕಳಿತೆ. ಇಲ್ದಿರೆ ಮೀನಿನ್ ತೂಕ ಅಲ್ಲ ಅದ್, ನೀರಿನ್ ತೂಕ."

"ಮೈ ಒಳ್ಗಿನ್ ನೀರ್ ಯಾರ್ ಸೋರ್ಸಿ ತೂಗುದ್?" ಎಂದಳು ದಿವ್ಯಾ.

ಕರಿಯ ಮೊದಲ ಸಲ ಈ ಕಡೆ ತಿರುಗಿದ.

ದಿವ್ಯಾ ಬಿಡಿಸಿ ಹೇಳಿದಳು. ಮೆಷಿನ್ ತೋರಿಸುವುದು ಬರೀ ಕೊಬ್ಬಿನ ತೂಕವನ್ನಲ್ಲ. ಮೂಳೆ, ಮಾಂಸಖಂಡ, ಕುಡಿದ ನೀರು, ಹೊಟ್ಟೆಯಲ್ಲಿ ಉಳಿದದ್ದು ಎಲ್ಲವೂ ಅದರಲ್ಲಿದೆ. ಹೊಸದಾಗಿ ವ್ಯಾಯಾಮ ಶುರು ಮಾಡಿದರೆ ಮಾಂಸಖಂಡ ನೋಯುತ್ತದೆ, ಅದನ್ನು ಸರಿಮಾಡಿಕೊಳ್ಳಲು ಮೈ ನೀರು ಹಿಡಿದಿಟ್ಟುಕೊಳ್ಳುತ್ತದೆ. ಒಣಮೀನು, ಉಪ್ಪಿನಕಾಯಿ ತಿಂದ ಮರುದಿನವೂ ನೀರು ನಿಲ್ಲುತ್ತದೆ. ಮಲಬದ್ಧತೆಯಾದರೆ, ನಿದ್ದೆ ಕೆಟ್ಟರೆ ಆಗಲೂ ಅಂಕಿ ಆಚೀಚೆಯಾಗುತ್ತದೆ. ಒಂದೇ ದಿನದಲ್ಲಿ ಒಂದೆರಡು ಕಿಲೋ ಹೆಚ್ಚು ಕಡಿಮೆ ಆಗುವುದು ಎಲ್ಲರಿಗೂ ಇದ್ದದ್ದೇ. ಆಪರೇಷನ್ ಆದವರಿಗೆ ನಡುನಡುವೆ ಕೆಲವು ವಾರ ತೂಕ ಅಲುಗದೆ ನಿಲ್ಲುವುದೂ ಇದೆ. ನಿಂತದ್ದು ಆಮೇಲೆ ಇಳಿಯುತ್ತದೆ. ಆ ನಿಂತ ವಾರಗಳಲ್ಲೇ ಜನ ಹೆದರಿ ತಪ್ಪು ಮಾಡುವುದು.

ಆಮೇಲೆ ಅವಳು ಚೀಲದಿಂದ ದರ್ಜಿಯ ಟೇಪು ತೆಗೆದಳು. ನಾಗುವಿನ ಕೈಯಲ್ಲಿ ಕೊಟ್ಟು ಕರಿಯನ ಸೊಂಟದ ಅಳತೆ ತೆಗೆಸಿದಳು. ನೂರ ಹದಿನೇಳು ಸೆಂಟಿಮೀಟರ್. ಆಸ್ಪತ್ರೆಯ ಪುಸ್ತಕದಲ್ಲಿ ಡಿಸೆಂಬರಿನ ಅಳತೆ ನೂರ ಇಪ್ಪತ್ತೊಂದು ಎಂದಿತ್ತು. ಆ ದಿನದ ತೂಕಕ್ಕೂ ಈಗಿನ ತೂಕಕ್ಕೂ ಇದ್ದ ವ್ಯತ್ಯಾಸ ಅರ್ಧ ಕಿಲೋ ಮಾತ್ರ. ಕರಿಯ ಟೇಪನ್ನು ಇಸಿದುಕೊಂಡು ತಾನೇ ಇನ್ನೊಮ್ಮೆ ಅಳೆದ. ಅಳತೆಯ ವಿಷಯದಲ್ಲಿ ಅವನು ಯಾರನ್ನೂ ಸುಲಭಕ್ಕೆ ನಂಬುವವನಲ್ಲ.

"ನಂಗೆ ಗೊತ್ತಿದ್ದಷ್ಟ್ ನಾ ಹೇಳ್ದೆ. ಉಳ್ದದ್ ಆಸ್ಪತ್ರಿಯವ್ರೇ ಹೇಳ್ಕ್," ಎಂದಳು ದಿವ್ಯಾ. "ನಾಳೆ ಏಳೂವರೆ ಬಸ್ಸಿಗೆ ಹೋಪ. ನಾನೂ ಬತ್ತೆ."

ಮರುದಿನ ಏಳು ಗಂಟೆಗೆ ಕರಿಯ ಅಂಗಿ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದ.

ಆಸ್ಪತ್ರೆಯ ಆಹಾರ ತಜ್ಞೆ ವಿಜೇತಾ ಬ್ರಹ್ಮಾವರದವರು. ಬೈಯುವುದಕ್ಕೆ ಮೊದಲು ಊಟ ಹೇಗೆ ಸಾಗುತ್ತದೆ ಎಂದು ಕೇಳುವ ಜಾತಿ. ರಕ್ತ ಪರೀಕ್ಷೆಯ ಜೊತೆಗೆ, ಮೈಯಲ್ಲಿ ಕೊಬ್ಬು ಎಷ್ಟು, ಮಾಂಸಖಂಡ ಎಷ್ಟು ಎಂದು ತೋರಿಸುವ ಮೆಷಿನ್ನಿನಲ್ಲೂ ಕರಿಯನನ್ನು ನಿಲ್ಲಿಸಿದರು. ಮೊದಲ ಮೂರು ತಿಂಗಳು ಕೊಬ್ಬು ಚೆನ್ನಾಗಿ ಇಳಿದಿತ್ತು. ಉಪವಾಸ ಬಿದ್ದ ದಿನಗಳಲ್ಲಿ ಕೊಬ್ಬಿನ ಜೊತೆಗೆ ಮಾಂಸಖಂಡವೂ ಕರಗಿತ್ತು, ಮೈ ನೀರು ಹಿಡಿದದ್ದರಿಂದ ಅದು ಅಂಕಿಯಲ್ಲಿ ಕಂಡಿರಲಿಲ್ಲ. ಕಬ್ಬಿಣಾಂಶ, ವಿಟಮಿನ್ ಎರಡೂ ಕೆಳಗೆ ಹೋಗಿದ್ದವು. ಇನ್ನೊಂದು ತಿಂಗಳು ಹೀಗೇ ಬಿಟ್ಟಿದ್ದರೆ ಕೈಕಾಲಿನ ಬಲ ಹೋಗುತ್ತಿತ್ತು, ನರಗಳಿಗೂ ತೊಂದರೆಯಾಗಬಹುದಿತ್ತು ಎಂದು ವೈದ್ಯರು ಹೇಳಿದಾಗ ನಾಗು ಸೆರಗಿನಿಂದ ಮುಖ ಒರೆಸಿಕೊಂಡಳು.

ವಿಜೇತಾ ಹೇಳಿದ್ದು ಕಷ್ಟದ್ದೇನೂ ಅಲ್ಲ. ಪ್ರತಿ ಊಟದಲ್ಲೂ ಮೊದಲ ತುತ್ತು ಮೊಟ್ಟೆ, ಮೀನು, ಬೇಳೆ, ಮೊಸರು ಇಂಥದ್ದೇ ಆಗಿರಬೇಕು, ಅನ್ನ ಆಮೇಲೆ. ನೀರನ್ನು ಊಟದ ಜೊತೆ ಬಿಟ್ಟು ಬೇರೆ ಹೊತ್ತಿನಲ್ಲಿ ಗುಟುಕು ಗುಟುಕಾಗಿ ಕುಡಿಯಬೇಕು. ವಿಟಮಿನ್ ಮಾತ್ರೆ ಜೀವನಪೂರ್ತಿ. ಬಿದ್ದು ಸುಧಾರಿಸುತ್ತಿರುವ ಕಾರಣ ಮೊದಲ ವಾರ ಮನೆಯ ಸುತ್ತ ಹತ್ತು ನಿಮಿಷದ ನಡಿಗೆ ಸಾಕು, ಆಮೇಲೆ ನಿಧಾನ ಹೆಚ್ಚಿಸಿ, ವಾರಕ್ಕೆ ಎರಡು ಮೂರು ದಿನ ರಬ್ಬರ್ ಪಟ್ಟಿ. ವ್ಯಾಯಾಮ ಇರುವುದು ಅಂಕಿ ಇಳಿಸುವುದಕ್ಕಿಂತ ಹೆಚ್ಚಾಗಿ ಮಾಂಸಖಂಡ ಉಳಿಸಿಕೊಳ್ಳಲು ಎಂದು ಅವರು ಎರಡು ಸಲ ಹೇಳಿದರು. ತೂಕ ವಾರಕ್ಕೆ ಒಂದೇ ಸಲ, ಸೋಮವಾರ ಬೆಳಿಗ್ಗೆ, ಬರಿಹೊಟ್ಟೆಯಲ್ಲಿ, ಮನೆಯ ಒಂದೇ ಮೆಷಿನ್ನಿನಲ್ಲಿ. ತಿಂಗಳಿಗೊಮ್ಮೆ ಸೊಂಟದ ಅಳತೆ.

"ಒಂಟಿ ಅನಿಸ್ತದಾ?" ಎಂದು ಕೊನೆಗೆ ಕೇಳಿದರು.

ಇಂಥ ಪ್ರಶ್ನೆಯನ್ನು ಆಸ್ಪತ್ರೆಯಲ್ಲಿ ಕೇಳುತ್ತಾರೆ ಎಂದು ಕರಿಯನಿಗೆ ಗೊತ್ತಿರಲಿಲ್ಲ. ಹೌದು ಎಂದು ಕತ್ತು ಅಲ್ಲಾಡಿಸಿದ. ಇದೂ ಚಿಕಿತ್ಸೆಯದೇ ಭಾಗ, ಕಾಲು ನೋವು ಹೇಳುವ ಹಾಗೆ ಇದನ್ನೂ ಹೇಳಬೇಕು ಎಂದರು ವಿಜೇತಾ. ತಿಂಗಳ ಎರಡನೇ ಶನಿವಾರ ಇದೇ ಆಪರೇಷನ್ ಆದವರು ಆಸ್ಪತ್ರೆಯಲ್ಲಿ ಸೇರಿ ಮಾತಾಡುತ್ತಾರೆ, ಬನ್ನಿ ಎಂದು ಕರೆದರು. ಕರಿಯ ಹೋದ. ಅಲ್ಲಿ ಹದಿಮೂರು ಜನರಿದ್ದರು. ಹದಿಮೂರು ಜನರಿಗೂ ತೂಕ ನಿಂತ ವಾರಗಳ ಕಥೆ ಇತ್ತು. ವಾಪಸ್ ಬರುವಾಗ ಬಸ್ಸಿನಲ್ಲಿ ಅವನು ನಾಗುವಿಗೆ ಅವರೆಲ್ಲರ ಕಥೆ ಹೇಳುತ್ತ ಬಂದ.

ಎಲ್ಲ ಒಂದೇ ದಿನಕ್ಕೆ ಸರಿಯಾಯಿತು ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಸುಜನ್ ಈಗ ಮಧ್ಯಾಹ್ನ ಹೋಟೆಲಿಗೆ ಕರೆಯುತ್ತಾನೆ, ಕರಿಯ ಡಬ್ಬಿ ಹಿಡಿದು ಹೋಗುತ್ತಾನೆ, ಆದರೂ ಎಷ್ಟೋ ದಿನ ಉಳಿದವರು ಎದ್ದು ಹೋದ ಮೇಲೂ ಅವನ ಊಟ ಮುಗಿಯುವುದಿಲ್ಲ. ಮದುವೆ ಮನೆಯ ಪಿಸುಮಾತು ನಿಂತಿಲ್ಲ. ಬಂದರಿನ ಮೆಷಿನ್ ಕಂಡಾಗ ಹತ್ತಿ ನಿಲ್ಲಬೇಕು ಎಂದು ಕಾಲು ಈಗಲೂ ಎಳೆಯುತ್ತದೆ.

ಮಾರ್ಚಿನ ಮೊದಲ ಸೋಮವಾರ. ನಾಗು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕರಿಯ ಮನೆಗೆಂದು ತಂದ ಸಣ್ಣ ಮೆಷಿನ್ನಿನ ಮೇಲೆ ನಿಂತು ಕೆಳಗೆ ನೋಡಿದ. ಹಿಂದಿನ ವಾರ ನೂರ ಆರು ಇತ್ತು. ಅವನು ಬಹಳ ಹೊತ್ತು ಬಗ್ಗಿ ನೋಡುತ್ತಲೇ ಇದ್ದ. ನಾಗುವಿಗೆ ಕೇಳಲು ಧೈರ್ಯ ಬರಲಿಲ್ಲ. ಏರಿದೆ ಎಂದರೆ ಇವತ್ತಿನ ಡಬ್ಬಿ ಯಾರ ಹೊಟ್ಟೆಗೆ ಎಂಬುದೇ ಅವಳ ಚಿಂತೆಯಾಗಿತ್ತು.

ಕರಿಯ ಮೆಷಿನ್ನಿನಿಂದ ಇಳಿದ.

"ಏಳ್ನೂರ್ ಗ್ರಾಂ ಮೇಲ್ ಹೋಯ್ತ್," ಎಂದ. ಆಮೇಲೆ ಗೋಡೆಯ ಮೊಳೆಯಿಂದ ರಬ್ಬರ್ ಪಟ್ಟಿ ತೆಗೆದುಕೊಳ್ಳುತ್ತ ಕೇಳಿದ. "ನಾಗು, ಮೊಟ್ಟಿ ಬೇಯ್ಸಿದ್ಯಾ?"

ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಕೇಳುತ್ತಿರುವವರೇ, ಇಂಥ ಆಪರೇಷನ್ ನಿಮಗೆ ಆಗಿದ್ದರೆ ಅಂಕಿ ಏರಿದ ದಿನ ಊಟ ಬಿಡಬೇಡಿ, ವ್ಯಾಯಾಮ ಬಿಡಬೇಡಿ, ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಎಷ್ಟು ತಿನ್ನಬೇಕು, ಯಾವ ವ್ಯಾಯಾಮ ಎಷ್ಟು ಮಾಡಬೇಕು ಎಂದು ನಿಮ್ಮನ್ನು ನೋಡುವ ವೈದ್ಯರನ್ನೇ ಕೇಳಿ. ತಲೆ ಸುತ್ತಿದರೆ, ವಾಂತಿ ನಿಲ್ಲದಿದ್ದರೆ, ಹೊಟ್ಟೆ ನೋವು ಜೋರಾದರೆ, ಕೈಕಾಲು ಜೋಮು ಹಿಡಿದರೆ ಕಾಯದೆ ಆಸ್ಪತ್ರೆಗೆ ಹೋಗಿ. ತೂಕ ಇಳಿಯಲಿಲ್ಲ ಎಂದು ನಾಚಿ ತಪಾಸಣೆ ತಪ್ಪಿಸಬೇಡಿ. ನಾಚಿಕೆಪಡುವಂಥದ್ದು ಅದರಲ್ಲಿ ಏನೂ ಇಲ್ಲ.

ನಿಮಗೆ ಆಗಿಲ್ಲ, ನಿಮ್ಮ ಕೇರಿಯಲ್ಲಿ ಯಾರಿಗೋ ಆಗಿದೆ ಎಂದಾದರೆ ಇವತ್ತೇ ಅವರ ಮನೆಗೆ ಹೋಗಿ. ಎಷ್ಟು ಕಿಲೋ ಇಳಿಯಿತು ಎಂದು ಕೇಳಬೇಡಿ. ಊಟ ಆಯಿತಾ ಎಂದು ಕೇಳಿ. ಆಗಿಲ್ಲ ಎಂದರೆ ಪಕ್ಕದಲ್ಲಿ ಕೂತುಕೊಳ್ಳಿ, ಅವರ ಕೊನೆಯ ತುತ್ತು ಮುಗಿಯುವವರೆಗೂ ಏಳಬೇಡಿ.